ಸಂಪರ್ಕ ಕಡಿದಾಗ ಆ್ಯಪ್ ಏನು ಮಾಡುತ್ತದೆ? ಸುತ್ತುವ ಚಕ್ರದ ಹಿಂದಿನ ಲೆಕ್ಕಾಚಾರ

ಬೆಂಗಳೂರು: 2019ರ ಜುಲೈ 10ರಂದು ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಮಹೇಂದ್ರ ಸಿಂಗ್ ಧೋನಿ ರನೌಟ್ ಆಗುತ್ತಿದ್ದಂತೆ ಭಾರತದ ವಿಶ್ವಕಪ್ ಆಸೆ ಬಹುತೇಕ ಕಮರಿತು. ನ್ಯೂಜಿಲೆಂಡ್ ವಿರುದ್ಧದ ಆ ಸೆಮಿಫೈನಲನ್ನು ಹಾಟ್‌ಸ್ಟಾರ್‌ನಲ್ಲಿ ಒಂದು ಹಂತದಲ್ಲಿ ಏಕಕಾಲಕ್ಕೆ 2.53 ಕೋಟಿ ಮಂದಿ ನೋಡುತ್ತಿದ್ದರು. ಅಂದಿಗೆ ಅದು ವಿಶ್ವದಾಖಲೆ. ಧೋನಿ ಪೆವಿಲಿಯನ್‌ನತ್ತ ನಡೆದಾಗ ನೋಡುಗರ ಸಂಖ್ಯೆ ಹಠಾತ್ತನೆ ಕುಸಿಯಿತು. ಕುಸಿತವೆಂದರೆ ಸರ್ವರ್‌ಗಳಿಗೆ ಬಿಡುವು ಎಂದು ಹೊರಗಿನವರು ಭಾವಿಸಬಹುದು. ಸಂಸ್ಥೆಯ ಎಂಜಿನಿಯರುಗಳು ಮುಂದೆ ತಾಂತ್ರಿಕ ಸಭೆಗಳಲ್ಲಿ ವಿವರಿಸಿದ್ದು ಬೇರೆಯದನ್ನೇ. ಪಂದ್ಯ ಬಿಟ್ಟವರು ಹಿಂದಿರುಗುವ ಗುಂಡಿ ಒತ್ತುತ್ತಾರೆ, ಎಲ್ಲರೂ ಒಟ್ಟಿಗೆ ಮುಖಪುಟಕ್ಕೆ ಬಂದು ಬೀಳುತ್ತಾರೆ. ಮುಖಪುಟ ನೀಡುವ ಸರ್ವರ್‌ಗಳು ಆ ಭಾರಕ್ಕೆ ಸಜ್ಜಾಗಿರದಿದ್ದರೆ, ಪಂದ್ಯ ಮುಗಿದ ಮೇಲೆ ಇಡೀ ವ್ಯವಸ್ಥೆ ನೆಲಕಚ್ಚುತ್ತದೆ.

ಈ ಪ್ರಸಂಗ ಒಂದು ಸಂಗತಿಯನ್ನು ಸ್ಪಷ್ಟಪಡಿಸುತ್ತದೆ. ನೇರಪ್ರಸಾರದ ಭವಿಷ್ಯ ದತ್ತಾಂಶ ಕೇಂದ್ರದಲ್ಲಿ ಎಷ್ಟು ನಿರ್ಧಾರವಾಗುತ್ತದೆಯೋ, ನೋಡುಗನ ಅಂಗೈಯಲ್ಲಿರುವ ತಂತ್ರಾಂಶದಲ್ಲಿಯೂ ಅಷ್ಟೇ ನಿರ್ಧಾರವಾಗುತ್ತದೆ. ತಂತ್ರಜ್ಞರು ಅದನ್ನು ಕ್ಲೈಂಟ್ ಎನ್ನುತ್ತಾರೆ, ಜನ ಆ್ಯಪ್ ಎನ್ನುತ್ತಾರೆ. ಸರ್ವರ್‌ನೊಂದಿಗಿನ ಸಂಪರ್ಕ ತಪ್ಪಿದಾಗ ಈ ತಂತ್ರಾಂಶ ಎಷ್ಟು ಹೊತ್ತು ಕಾಯುತ್ತದೆ, ಎಷ್ಟು ಬಾರಿ ಮರಳಿ ಯತ್ನಿಸುತ್ತದೆ, ನೋಡುಗನಿಗೆ ಏನು ಹೇಳುತ್ತದೆ ಎಂಬುದನ್ನು ಯಾವ ಇಲಾಖೆಯೂ ಪರಿಶೀಲಿಸುವುದಿಲ್ಲ. ಚಂದಾ ತೆರುವ ಗ್ರಾಹಕನಿಗೆ ಕಾಣುವುದು ಪರದೆಯ ನಡುವೆ ಸುತ್ತುವ ಚಕ್ರ ಮಾತ್ರ.

ಹೊಣೆ ಕೈಬದಲಾದ ಬಗೆ

ದೂರದರ್ಶನದ ಕಾಲದಲ್ಲಿ ಪ್ರಸಾರ ನಿಂತರೆ ಅಡಚಣೆಗಾಗಿ ವಿಷಾದಿಸುತ್ತೇವೆ ಎಂಬರ್ಥದ ಫಲಕವೊಂದು ಪರದೆಯ ಮೇಲೆ ಬರುತ್ತಿತ್ತು. ಜನ ಆ ಫಲಕವನ್ನು ಗೇಲಿ ಮಾಡಿದ್ದುಂಟು. ಆದರೆ ಅದರಲ್ಲೊಂದು ಪ್ರಾಮಾಣಿಕತೆಯಿತ್ತು. ತಪ್ಪು ಮನೆಯ ಆಂಟೆನಾದ್ದಲ್ಲ, ಕೇಂದ್ರದ್ದು ಎಂಬುದು ಎಲ್ಲರಿಗೂ ತಿಳಿಯುತ್ತಿತ್ತು. ಪರದೆಯ ತುಂಬ ಚುಕ್ಕಿಗಳು ಕುಣಿದರೆ ಮಾತ್ರ ಯಾರಾದರೊಬ್ಬರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದರು.

ಅಂತರಜಾಲದ ಮೂಲಕ ಧ್ವನಿ, ದೃಶ್ಯಗಳ ಹರಿವು ಆರಂಭವಾದಾಗ ಈ ವ್ಯತ್ಯಾಸ ಮಸುಕಾಯಿತು. 1995ರಲ್ಲಿ ರಿಯಲ್ ಆಡಿಯೊ ಬಂತು. 1998ರಲ್ಲಿ ಆರ್‌ಟಿಎಸ್‌ಪಿ ಎಂಬ ನಿಯಮಾವಳಿ ಪ್ರಕಟವಾಯಿತು. ಆ ಪದ್ಧತಿಯಲ್ಲಿ ಪ್ರತಿ ನೋಡುಗನ ಲೆಕ್ಕವನ್ನೂ ಸರ್ವರ್ ಇಟ್ಟುಕೊಳ್ಳುತ್ತಿತ್ತು. ಯಾರು ಎಲ್ಲಿಯವರೆಗೆ ನೋಡಿದ್ದಾರೆ, ಯಾರು ನಿಲ್ಲಿಸಿದ್ದಾರೆ ಎಂಬುದೆಲ್ಲ ಅದರ ನೆನಪಿನಲ್ಲಿತ್ತು. ಬೇರೆ ಸೂಚನೆಯಿಲ್ಲದಿದ್ದರೆ 60 ಸೆಕೆಂಡುಗಳವರೆಗೆ ಕ್ಲೈಂಟ್‌ನಿಂದ ಸುದ್ದಿ ಬಾರದಿದ್ದಾಗ ಸರ್ವರ್ ಆ ಲೆಕ್ಕವನ್ನು ಅಳಿಸಬಹುದಿತ್ತು. ಆಮೇಲೆ ಮರಳಿ ಬಂದವನು ಹೊಸಬನೇ.

2009ರಲ್ಲಿ ಆ್ಯಪಲ್ ಸಂಸ್ಥೆ ತಂದ ಎಚ್‌ಎಲ್‌ಎಸ್ ಪದ್ಧತಿ ಇದನ್ನು ತಲೆಕೆಳಗು ಮಾಡಿತು. ಇಡೀ ಪ್ರಸಾರವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಸಾಮಾನ್ಯ ಜಾಲಪುಟದ ಕಡತಗಳಂತೆ ಇರಿಸಲಾಯಿತು. ತುಣುಕುಗಳ ಪಟ್ಟಿಯನ್ನು ಓದಿ ಒಂದೊಂದನ್ನೇ ತರಿಸಿಕೊಳ್ಳುವ ಕೆಲಸ ಕ್ಲೈಂಟ್‌ನದಾಯಿತು. ಸರ್ವರ್‌ಗೆ ನೋಡುಗನ ನೆನಪಿಲ್ಲ, ಕೇಳಿದ ಕಡತ ಕೊಟ್ಟರೆ ಅದರ ಕರ್ತವ್ಯ ಮುಗಿಯಿತು. ಇದರಿಂದಲೇ ಒಂದೇ ಪಂದ್ಯವನ್ನು ಊರೂರಿನ ಸಾವಿರಾರು ಸರ್ವರ್‌ಗಳಲ್ಲಿ ಇರಿಸಿ ಕೋಟ್ಯಂತರ ಜನರಿಗೆ ತಲುಪಿಸಲು ಸಾಧ್ಯವಾದದ್ದು. ಒಂದು ಸರ್ವರ್ ಸತ್ತರೆ ಮುಂದಿನ ತುಣುಕನ್ನು ಮತ್ತೊಂದರಿಂದ ಪಡೆಯಬಹುದು. ಆದರೆ ಆ ಮತ್ತೊಂದನ್ನು ಹುಡುಕಬೇಕಾದವನು, ಯಾವಾಗ ಹುಡುಕಬೇಕೆಂದು ನಿರ್ಧರಿಸಬೇಕಾದವನು ಕ್ಲೈಂಟ್. ಹೊಣೆ ಹೀಗೆ ಸದ್ದಿಲ್ಲದೆ ಕೈಬದಲಾಯಿತು.

ಮೌನವನ್ನು ಓದುವ ಕಷ್ಟ

ಸಂಪರ್ಕ ಕಡಿದಿದೆ ಎಂದು ತಂತ್ರಾಂಶಕ್ಕೆ ತಿಳಿಯುವುದು ಹೇಗೆ? ಸರ್ವರ್ ತಾನಾಗಿ ಬಾಗಿಲು ಮುಚ್ಚಿದರೆ ಸೂಚನೆ ಬರುತ್ತದೆ. ಆದರೆ ಹೆಚ್ಚಿನ ವೇಳೆ ಅಂಥ ಸೂಚನೆಯೇನೂ ಇರುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದ ರೈಲು ಮಾರ್ಗದಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳಿವೆ. ಗಾಡಿ ಸುರಂಗ ಹೊಕ್ಕಾಗ ಪ್ರಯಾಣಿಕನ ಮೊಬೈಲಿಗೆ 'ಸಂಪರ್ಕ ತಪ್ಪಿದೆ' ಎಂದು ಯಾರೂ ಹೇಳಿಕಳುಹಿಸುವುದಿಲ್ಲ. ದತ್ತಾಂಶ ಬರುವುದು ನಿಲ್ಲುತ್ತದೆ, ಅಷ್ಟೇ. ಹಿಂದೆ ಟ್ರಂಕ್ ಕಾಲ್‌ನಲ್ಲಿ ಆ ಬದಿಯವರು ಸುಮ್ಮನಾದರೆ ಈ ಬದಿಯವರು 'ಹಲೋ, ಹಲೋ' ಎನ್ನುತ್ತ ಕುಳಿತಿರುತ್ತಿದ್ದ ಹಾಗೆಯೇ ಇದು. ನಿಧಾನವಾಗಿರುವ ಸಂಪರ್ಕಕ್ಕೂ ಸತ್ತ ಸಂಪರ್ಕಕ್ಕೂ ಮೊದಲ ಕೆಲವು ಸೆಕೆಂಡುಗಳಲ್ಲಿ ವ್ಯತ್ಯಾಸವೇ ಕಾಣದು.

ಹೀಗಾಗಿ ತಂತ್ರಾಂಶ ಬರೆಯುವವನು ಒಂದು ಗಡುವು ಇಡಲೇಬೇಕು. ಆ್ಯಂಡ್ರಾಯ್ಡ್ ಮೊಬೈಲ್‌ಗಳ ಅನೇಕ ವಿಡಿಯೊ ಆ್ಯಪ್‌ಗಳಿಗೆ ಆಧಾರವಾಗಿರುವುದು ಗೂಗಲ್ ಮುಕ್ತವಾಗಿ ಒದಗಿಸಿರುವ ಎಕ್ಸೊಪ್ಲೇಯರ್ ಎಂಬ ಯಂತ್ರಾಂಗ. ಅದರ ಪೂರ್ವನಿಗದಿತ ವ್ಯವಸ್ಥೆಯಲ್ಲಿ ಸರ್ವರ್‌ನ ಮೌನವನ್ನು ಸಹಿಸುವ ಅವಧಿ 8 ಸೆಕೆಂಡ್. ವಿಫಲವಾದರೆ ಕನಿಷ್ಠ 3 ಬಾರಿ ಮರುಯತ್ನ. ಮೊದಲ ಮರುಯತ್ನ ತಡವಿಲ್ಲದೆ ನಡೆಯುತ್ತದೆ, ಎರಡನೆಯದಕ್ಕೆ 1 ಸೆಕೆಂಡ್, ಮೂರನೆಯದಕ್ಕೆ 2 ಸೆಕೆಂಡ್ ವಿರಾಮ. ಎಷ್ಟೇ ಬಾರಿ ಯತ್ನಿಸಿದರೂ ವಿರಾಮ 5 ಸೆಕೆಂಡ್ ಮೀರುವುದಿಲ್ಲ. ಈ ಸಂಖ್ಯೆಗಳನ್ನು ಆ್ಯಪ್ ತಯಾರಕರು ಬದಲಿಸಬಹುದು.

ಕೂಡಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಸರ್ವರ್ ಪೂರ್ಣ ಮೌನವಾಗಿದ್ದರೆ ನಾಲ್ಕು ಯತ್ನಗಳಿಗೆ 32 ಸೆಕೆಂಡ್, ನಡುವಿನ ವಿರಾಮಗಳು 3 ಸೆಕೆಂಡ್, ಒಟ್ಟು ಸುಮಾರು 35 ಸೆಕೆಂಡ್. ಚಲನಚಿತ್ರ ನೋಡುವವನಿಗೆ ಇದು ತಿಳಿಯುವುದೇ ಇಲ್ಲ. ಏಕೆಂದರೆ ಮುಂದಿನ ಹಲವು ಸೆಕೆಂಡುಗಳ ದೃಶ್ಯ ಮೊದಲೇ ಮೊಬೈಲಿನಲ್ಲಿ ಸಂಗ್ರಹವಾಗಿರುತ್ತದೆ. ಬಫರ್ ಎನ್ನುವುದು ಇದನ್ನೇ. ಇದೇ ಎಕ್ಸೊಪ್ಲೇಯರ್ ಹಲವು ವರ್ಷಗಳ ಕಾಲ 50 ಸೆಕೆಂಡುಗಳಷ್ಟು ದೃಶ್ಯವನ್ನು ಸಂಗ್ರಹಿಸಿಕೊಳ್ಳುವಂತೆ ರೂಪಿತವಾಗಿತ್ತು. ನೇರಪ್ರಸಾರದ ಮಾತು ಬೇರೆ. ಇನ್ನೂ ಎಸೆಯದ ಚೆಂಡನ್ನು ಸಂಗ್ರಹಿಸಿಡಲು ಯಾವ ತಂತ್ರಾಂಶಕ್ಕೂ ಸಾಧ್ಯವಿಲ್ಲ. 6 ಸೆಕೆಂಡಿನ ಮೂರು ತುಣುಕುಗಳಷ್ಟು ಹಿಂದೆ ಓಡುವ ಪ್ರಸಾರದಲ್ಲಿ ಬಫರ್ ಹೆಚ್ಚೆಂದರೆ 18 ಸೆಕೆಂಡ್. 35 ಸೆಕೆಂಡಿನ ಸಹನೆಗೆ 18 ಸೆಕೆಂಡಿನ ಬುತ್ತಿ ಸಾಲದು. ಪಕ್ಕದ ಮನೆಯ ಟಿ.ವಿ.ಯಲ್ಲಿ ಸಿಕ್ಸರ್ ಕೇಳಿಸಿದ ಮೇಲೆ ತಮ್ಮ ಮೊಬೈಲಿನಲ್ಲಿ ಬೌಲರ್ ಓಡುವುದನ್ನು ಕಂಡು ರೇಗುವ ಜನ, ವಿಳಂಬವನ್ನು ಇನ್ನೂ ತಗ್ಗಿಸಿ ಎನ್ನುತ್ತಾರೆ. ವಿಳಂಬ ತಗ್ಗಿದಷ್ಟೂ ಬುತ್ತಿ ಕಿರಿದಾಗುತ್ತದೆ, ಸಣ್ಣ ಅಡಚಣೆಗೂ ಚಕ್ರ ಸುತ್ತುತ್ತದೆ. ಎರಡನ್ನೂ ಒಟ್ಟಿಗೆ ಕೊಡುತ್ತೇವೆ ಎನ್ನುವ ಜಾಹೀರಾತುಗಳನ್ನು ಈ ಹಿನ್ನೆಲೆಯಲ್ಲಿ ಓದಿಕೊಳ್ಳಬೇಕು.

ಮನೆಯ ವೈಫೈ ಬಿಟ್ಟು ರಸ್ತೆಗಿಳಿದಾಗ ಆಗುವ ಕಡಿತ ಮತ್ತೊಂದು ಬಗೆಯದು. ಜಾಲ ಬದಲಾದೊಡನೆ ಮೊಬೈಲಿನ ಅಂತರಜಾಲ ವಿಳಾಸವೂ ಬದಲಾಗುವುದರಿಂದ ಹಳೆಯ ಸಂಪರ್ಕ ನಿರುಪಯುಕ್ತವಾಗುತ್ತದೆ. 2021ರ ಮೇ ತಿಂಗಳಲ್ಲಿ ಪ್ರಮಾಣೀಕರಣಗೊಂಡ ಕ್ವಿಕ್ ಎಂಬ ಸಂವಹನ ನಿಯಮ ಪ್ರತಿ ಸಂಪರ್ಕಕ್ಕೂ ವಿಳಾಸದಿಂದ ಬೇರೆಯಾದ ಗುರುತಿನ ಸಂಖ್ಯೆ ನೀಡಿ, ಜಾಲ ಬದಲಾದರೂ ಸಂಪರ್ಕ ಉಳಿಯುವಂತೆ ಮಾಡುವ ಅವಕಾಶ ಕಲ್ಪಿಸಿದೆ. ಸುರಂಗದೊಳಗೆ ಮಾತ್ರ ಅದೂ ನಿರುಪಾಯ.

ಎಲ್ಲರೂ ಒಮ್ಮೆಗೇ ಬಾಗಿಲು ಬಡಿದರೆ

ಒಬ್ಬ ನೋಡುಗನ ದೃಷ್ಟಿಯಿಂದ ತಡವಿಲ್ಲದ ಮರುಯತ್ನವೇ ಲೇಸು. ಸುರಂಗ ದಾಟಿದ ಕ್ಷಣವೇ ಚಿತ್ರ ಮೂಡಬೇಕಲ್ಲವೇ? ಆದರೆ ದೋಷ ಸರ್ವರ್‌ನಲ್ಲಿದ್ದಾಗ ಇದೇ ಆತುರ ಮಾರಕವಾಗುತ್ತದೆ. ಒಂದು ಕೋಟಿ ಮೊಬೈಲ್‌ಗಳು ಒಂದೇ ಕ್ಷಣದಲ್ಲಿ ಸಂಪರ್ಕ ಕಳೆದುಕೊಂಡವು ಎನ್ನೋಣ. ಎಲ್ಲವೂ ಒಂದೇ ನಿಯಮದಂತೆ ಬರೆದ ತಂತ್ರಾಂಶಗಳಾದ್ದರಿಂದ ಒಂದು ಕೋಟಿ ಕೋರಿಕೆಗಳು ತಕ್ಷಣವೇ ಮರಳುತ್ತವೆ. ಅವು ವಿಫಲವಾದರೆ ಒಂದು ಸೆಕೆಂಡಿನ ವಿರಾಮದ ಬಳಿಕ ಮತ್ತೊಂದು ಕೋಟಿ. ಚೇತರಿಸಿಕೊಳ್ಳುತ್ತಿರುವ ಸರ್ವರ್ ತಲೆಯೆತ್ತಿದೊಡನೆ ಮತ್ತೆ ಮುಗ್ಗರಿಸುತ್ತದೆ. ರಾಜ್ಯದ ಜನರಿಗೆ ಇದು ಹೊಸ ಅನುಭವವೇನಲ್ಲ. 2023ರಲ್ಲಿ ಗ್ಯಾರಂಟಿ ಯೋಜನೆಗಳ ನೋಂದಣಿ ಆರಂಭವಾದಾಗ 'ಸರ್ವರ್ ಡೌನ್' ಎಂಬುದು ಮನೆಮಾತಾಯಿತು. ಪುಟ ತೆರೆಯದಿದ್ದಾಗ ಮತ್ತೆ ಮತ್ತೆ ಅದೇ ಗುಂಡಿ ಒತ್ತಿದ ಬೆರಳುಗಳೂ ಆ ದಟ್ಟಣೆಗೆ ತಮ್ಮ ಪಾಲು ಸೇರಿಸಿದವು. ವ್ಯತ್ಯಾಸವಿಷ್ಟೇ, ಬೆರಳಿಗೆ ದಣಿವಾಗುತ್ತದೆ, ತಂತ್ರಾಂಶಕ್ಕೆ ಆಗುವುದಿಲ್ಲ.

ಪರಿಹಾರ ಹಳೆಯದು. 1971ರಲ್ಲಿ ಹವಾಯಿ ದ್ವೀಪಗಳ ನಡುವೆ ರೇಡಿಯೊ ಮೂಲಕ ಗಣಕಗಳನ್ನು ಜೋಡಿಸಿದ ಅಲೋಹಾ ಜಾಲದಲ್ಲಿ ಎರಡು ಕೇಂದ್ರಗಳ ಸಂದೇಶಗಳು ಢಿಕ್ಕಿಯಾದರೆ, ಎರಡೂ ಕೇಂದ್ರಗಳು ಯಾದೃಚ್ಛಿಕವಾಗಿ ಆಯ್ದ ಅವಧಿಯವರೆಗೆ ಕಾದು ಮತ್ತೆ ಕಳುಹಿಸುತ್ತಿದ್ದವು. ಮುಂದೆ ಈಥರ್‌ನೆಟ್ ಈ ಸೂತ್ರವನ್ನು ಬೆಳೆಸಿತು. ಪ್ರತಿ ವೈಫಲ್ಯದ ಬಳಿಕ ಕಾಯುವ ಅವಧಿಯ ಮಿತಿಯನ್ನು ದ್ವಿಗುಣಗೊಳಿಸುವುದು, ಆ ಮಿತಿಯೊಳಗೆ ಒಂದು ಗಳಿಗೆಯನ್ನು ಚೀಟಿ ಎತ್ತಿದಂತೆ ಆರಿಸಿಕೊಳ್ಳುವುದು. ಹೀಗಾದಾಗ ಒಂದು ಕೋಟಿ ಮೊಬೈಲ್‌ಗಳು ಒಂದೇ ಅಲೆಯಾಗಿ ಅಪ್ಪಳಿಸದೆ ಹನಿಹನಿಯಾಗಿ ಮರಳುತ್ತವೆ. ಸರ್ವರ್ ಕೂಡ 'ಇಷ್ಟು ಸೆಕೆಂಡ್ ಬಿಟ್ಟು ಬಾ' ಎಂದು ಹೇಳಿಕಳುಹಿಸುವ ಅನುಕೂಲ ಎಚ್‌ಟಿಟಿಪಿ ನಿಯಮದಲ್ಲಿಯೇ ಇದೆ. ಕೇಳಿಸಿಕೊಳ್ಳುವ ಕ್ಲೈಂಟ್ ಇರಬೇಕು. ಐವತ್ತು ವರ್ಷಗಳಿಗೂ ಹಿಂದಿನ ಪಾಠ ಇದು. ಆದರೂ ಮೇಲೆ ಹೇಳಿದ ಪೂರ್ವನಿಗದಿತ ಕ್ರಮದಲ್ಲಿ ವಿರಾಮವನ್ನು ಚದುರಿಸುವ ಈ ಚೀಟಿಯೆತ್ತುವಿಕೆ ಇಲ್ಲ. ಅದನ್ನು ಸೇರಿಸಿಕೊಳ್ಳುವುದು ಆಯಾ ಸಂಸ್ಥೆಯ ವಿವೇಕಕ್ಕೆ ಬಿಟ್ಟದ್ದು.

ಮರುಯತ್ನಗಳ ಪ್ರವಾಹ ಎಂಥದೆಂಬುದಕ್ಕೆ 2021ರ ಅಕ್ಟೋಬರ್ 4ರ ಘಟನೆಯೇ ಸಾಕ್ಷಿ. ಅಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್‌ಗಳು ಸುಮಾರು ಆರು ಗಂಟೆ ಕಾಲ ಅಂತರಜಾಲದಿಂದಲೇ ಮಾಯವಾಗಿದ್ದವು. ಅವುಗಳ ವಿಳಾಸ ದೊರೆಯದ ಆ್ಯಪ್‌ಗಳು ಬಿಡದೆ ಕೇಳುತ್ತ ಹೋದವು, ಜನರೂ ಪುಟಗಳನ್ನು ಮತ್ತೆ ಮತ್ತೆ ತೆರೆಯಲು ಯತ್ನಿಸಿದರು. ಇದರಿಂದ ವಿಳಾಸ ಹುಡುಕಿಕೊಡುವ ಸರ್ವರ್‌ಗಳ ಮೇಲೆ ಎಂದಿಗಿಂತ 30 ಪಟ್ಟು ಹೆಚ್ಚು ವಿಚಾರಣೆಗಳು ಬಿದ್ದವು ಎಂದು ಕ್ಲೌಡ್‌ಫ್ಲೇರ್ ಸಂಸ್ಥೆ ದಾಖಲಿಸಿತು. ಕೆಟ್ಟದ್ದು ಒಬ್ಬರ ಜಾಲ, ಹೊರೆ ಹೊತ್ತದ್ದು ಊರೆಲ್ಲ.

ನೇರಪ್ರಸಾರದ ಮುಗ್ಗರಿಕೆಗಳಂತೂ ಸಾಲುಸಾಲಾಗಿವೆ. 2022ರ ನವೆಂಬರ್ 20ರಂದು ಕತಾರ್ ವಿಶ್ವಕಪ್ ಫುಟ್‌ಬಾಲ್‌ನ ಉದ್ಘಾಟನಾ ಪಂದ್ಯದಲ್ಲಿ ಜಿಯೊಸಿನೆಮಾ ನೋಡುಗರಿಗೆ ಪಂದ್ಯಕ್ಕಿಂತ ಚಕ್ರವೇ ಹೆಚ್ಚು ಕಂಡಿತೆಂಬ ದೂರುಗಳು ಕೇಳಿಬಂದವು. ಸಂಸ್ಥೆ ಕ್ಷಮೆ ಕೋರಿ, ಆ್ಯಪ್‌ನ ಹೊಸ ಆವೃತ್ತಿ ಅಳವಡಿಸಿಕೊಳ್ಳುವಂತೆ ಸೂಚಿಸಿತು. ಕ್ಲೈಂಟ್‌ನ ಪಾತ್ರ ಎಷ್ಟು ದೊಡ್ಡದೆಂಬುದಕ್ಕೆ ಆ ಸೂಚನೆಯೇ ಒಂದು ಒಪ್ಪಿಗೆಯಂತಿತ್ತು. 2024ರ ನವೆಂಬರ್ 15ರಂದು ಮೈಕ್ ಟೈಸನ್ ಮತ್ತು ಜೇಕ್ ಪಾಲ್ ನಡುವಿನ ಮುಷ್ಟಿಯುದ್ಧವನ್ನು ನೇರಪ್ರಸಾರ ಮಾಡಿದ ನೆಟ್‌ಫ್ಲಿಕ್ಸ್, ಏಕಕಾಲಕ್ಕೆ 6.5 ಕೋಟಿ ಪ್ರಸಾರಗಳು ನಡೆದವೆಂದು ಹೇಳಿಕೊಂಡಿತು. ಚಿತ್ರ ಸ್ಥಗಿತಗೊಂಡ ಬಗ್ಗೆ ದೂರುಗಳೂ ಅಷ್ಟೇ ಜೋರಾಗಿದ್ದವು. ದಶಕಕ್ಕೂ ಹೆಚ್ಚು ಕಾಲ ಚಲನಚಿತ್ರ, ಧಾರಾವಾಹಿಗಳನ್ನು ಸಲೀಸಾಗಿ ತಲುಪಿಸಿದ ಸಂಸ್ಥೆಗೂ ನೇರಪ್ರಸಾರ ಬೇರೆಯದೇ ಪರೀಕ್ಷೆಯಾಯಿತು.

ಯಾರ ತಪ್ಪು, ಯಾರಿಗೆ ದೂರು?

ಚಿತ್ರ ನಿಂತಾಗ ಅನೇಕ ಆ್ಯಪ್‌ಗಳು ಕೊನೆಗೆ ತೋರಿಸುವ ಸಂದೇಶ ಒಂದೇ: ನಿಮ್ಮ ಇಂಟರ್‌ನೆಟ್ ಸಂಪರ್ಕವನ್ನು ಪರಿಶೀಲಿಸಿ. ನೋಡುಗ ವೈಫೈ ಆರಿಸಿ ಹಾಕುತ್ತಾನೆ, ಮೊಬೈಲ್ ಮರುಚಾಲನೆ ಮಾಡುತ್ತಾನೆ, ಕೇಬಲ್‌ನವನಿಗೆ ಫೋನ್ ಹಚ್ಚುತ್ತಾನೆ. ಅಷ್ಟರಲ್ಲಿ ಸಂಸ್ಥೆಯ ಸರ್ವರ್ ಚೇತರಿಸಿಕೊಂಡಿರುತ್ತದೆ. ಮರುಚಾಲನೆಯಿಂದಲೇ ಸರಿಹೋಯಿತೆಂದು ಆತ ನಂಬುತ್ತಾನೆ.

ದೋಷ ಎಲ್ಲಿದೆಯೆಂದು ಪತ್ತೆಹಚ್ಚುವುದು ಆ್ಯಪ್‌ಗೆ ಅಷ್ಟೇನೂ ಕಷ್ಟವಲ್ಲ. ಆ್ಯಂಡ್ರಾಯ್ಡ್ ಮೊಬೈಲ್ ಯಾವುದೇ ಜಾಲಕ್ಕೆ ಸೇರಿದಾಗ ಗೂಗಲ್‌ನ ಒಂದು ಪುಟ್ಟ ವಿಳಾಸವನ್ನು ಸಂಪರ್ಕಿಸಿ ಅಂತರಜಾಲ ನಿಜಕ್ಕೂ ಇದೆಯೇ ಎಂದು ಖಚಿತಪಡಿಸಿಕೊಳ್ಳುತ್ತದೆ. ಆ ಫಲಿತಾಂಶ ಆ್ಯಪ್‌ಗಳಿಗೂ ಲಭ್ಯ. ಸರ್ವರ್ ಕಳುಹಿಸುವ ಸಂಖ್ಯೆಗಳೂ ಮಾತಾಡುತ್ತವೆ. 403 ಎಂದರೆ ಪ್ರವೇಶ ನಿರಾಕರಣೆ, ಅಲ್ಲಿ ಮರುಯತ್ನದಿಂದ ಪ್ರಯೋಜನವಿಲ್ಲ, ನೋಡುಗ ಮತ್ತೆ ಲಾಗಿನ್ ಆಗಬೇಕಾಗಬಹುದು. 503 ಎಂದರೆ ಸರ್ವರ್‌ಗೆ ಸದ್ಯ ಸಾಧ್ಯವಿಲ್ಲ, ಕಾಯುವುದೊಂದೇ ದಾರಿ. ಯಾವ ಸಂಖ್ಯೆಯೂ ಬಾರದೆ, ಬೇರೆ ತಾಣಗಳೂ ತೆರೆಯದಿದ್ದರೆ ಮಾತ್ರ ನೋಡುಗನ ಜಾಲವನ್ನು ಶಂಕಿಸಬೇಕು. ಮೂರಕ್ಕೂ ಒಂದೇ ಚಕ್ರ, ಒಂದೇ ಸಂದೇಶ ತೋರಿಸುವುದು ತಾಂತ್ರಿಕ ಅನಿವಾರ್ಯವಲ್ಲ, ವ್ಯಾಪಾರದ ಆಯ್ಕೆ.

ಆಯ್ಕೆಗೆ ಕಾರಣವೂ ಇದೆ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಎಸ್. ಶುಂಮುಗ ಕೃಷ್ಣನ್ ಹಾಗೂ ರಮೇಶ್ ಸೀತಾರಾಮನ್ ಅವರ ಅಧ್ಯಯನದ ಪ್ರಕಾರ, ವಿಡಿಯೊ 2 ಸೆಕೆಂಡಿನೊಳಗೆ ಆರಂಭವಾಗದಿದ್ದರೆ ಜನ ಬಿಟ್ಟುಹೋಗತೊಡಗುತ್ತಾರೆ. ಆಮೇಲಿನ ಪ್ರತಿ ಸೆಕೆಂಡಿಗೆ ಶೇ 5.8ರಷ್ಟು ಮಂದಿ ಕಳಚಿಕೊಳ್ಳುತ್ತಾರೆ. 'ನಮ್ಮ ಸರ್ವರ್ ಕೆಟ್ಟಿದೆ' ಎಂದು ಹೇಳಿದರೆ ಕೂಡಲೇ ಎದ್ದುಹೋಗುವವನನ್ನು ಸುತ್ತುವ ಚಕ್ರ ಇನ್ನೊಂದಿಷ್ಟು ಹೊತ್ತು ಹಿಡಿದಿಡುತ್ತದೆ.

ಸಂಪರ್ಕ ಮರಳಿದ ಮೇಲಿನ ನಡೆಯೂ ಪ್ರಶ್ನಾರ್ಹವೇ. ನಿಂತಲ್ಲಿಂದ ಮುಂದುವರಿಸಬೇಕೇ, ನಡೆಯುತ್ತಿರುವ ಕ್ಷಣಕ್ಕೆ ಜಿಗಿಯಬೇಕೇ? ಕ್ರಿಕೆಟ್‌ನಲ್ಲಿ ಜಿಗಿತ ಸರಿ ಎನ್ನುವವರಿದ್ದಾರೆ. ಆನ್‌ಲೈನ್ ಪಾಠ ಕೇಳುವ ವಿದ್ಯಾರ್ಥಿಗೆ, ಹೈಕೋರ್ಟ್ ಕಲಾಪ ನೋಡುವ ಕಕ್ಷಿದಾರನಿಗೆ ತಪ್ಪಿದ ಅರ್ಧ ನಿಮಿಷವೇ ಮುಖ್ಯವಾಗಿರಬಹುದು. ಆ್ಯಪ್ ಕೇಳುವುದಿಲ್ಲ, ತಾನೇ ನಿರ್ಧರಿಸುತ್ತದೆ. ಮತ್ತೆ ತೆರೆದಾಗ ಆರಂಭದ ಜಾಹೀರಾತೂ ಮತ್ತೆ ಬಂದರೆ, ದಿನಕ್ಕಿಷ್ಟು ಜಿಬಿ ಎಂದು ಅಳೆದು ಕೊಟ್ಟ ಪ್ರೀಪೇಯ್ಡ್ ದತ್ತಾಂಶದಲ್ಲಿ ಅದರ ಖರ್ಚೂ ನೋಡುಗನ ಲೆಕ್ಕಕ್ಕೇ ಸೇರುತ್ತದೆ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರ ಆಗಸ್ಟ್‌ನಲ್ಲಿ ಹೊರಡಿಸಿದ ಸೇವಾ ಗುಣಮಟ್ಟ ನಿಯಮಾವಳಿ, ಜಿಲ್ಲಾ ಮಟ್ಟದಲ್ಲಿ 24 ಗಂಟೆ ಮೀರಿ ಜಾಲ ಸ್ಥಗಿತಗೊಂಡರೆ ಗ್ರಾಹಕರಿಗೆ ಪರಿಹಾರ ನೀಡಬೇಕೆನ್ನುತ್ತದೆ. ಅದು ದೂರಸಂಪರ್ಕ ಕಂಪೆನಿಗಳಿಗೆ ಅನ್ವಯ, ವಿಡಿಯೊ ಆ್ಯಪ್‌ಗಳಿಗಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಆ್ಯಪ್‌ಗಳಿಗೆ ಮೂರು ಹಂತದ ದೂರು ವ್ಯವಸ್ಥೆ ವಿಧಿಸಿವೆ. ಅಲ್ಲಿ ಚರ್ಚೆಯಾಗುವುದು ದೃಶ್ಯದ ವಸ್ತು, ವಯೋಮಿತಿ ಇತ್ಯಾದಿ. ದೃಶ್ಯ ತಲುಪಿತೇ ಇಲ್ಲವೇ ಎಂಬುದಲ್ಲ. ಇವೆರಡರ ನಡುವಿನ ಕಂದಕದಲ್ಲಿ ಚಂದಾದಾರ ನಿಂತಿದ್ದಾನೆ.

ಆಸ್ಟ್ರೇಲಿಯದಲ್ಲಿ 2018ರ ವಿಶ್ವಕಪ್ ಫುಟ್‌ಬಾಲ್ ವೇಳೆ ಆಪ್ಟಸ್ ಸಂಸ್ಥೆಯ ಪ್ರಸಾರ ಮತ್ತೆ ಮತ್ತೆ ಕೈಕೊಟ್ಟಾಗ ವಿಷಯ ಅಂದಿನ ಪ್ರಧಾನಿ ಮಾಲ್ಕಂ ಟರ್ನ್‌ಬುಲ್ ಅವರವರೆಗೆ ಹೋಯಿತು. ಸಾರ್ವಜನಿಕ ವಾಹಿನಿ ಎಸ್‌ಬಿಎಸ್ ಪಂದ್ಯಗಳನ್ನು ಉಚಿತವಾಗಿ ಪ್ರಸಾರ ಮಾಡಿತು, ಚಂದಾದಾರರಿಗೆ ಹಣ ಮರಳಿಸುವುದಾಗಿ ಆಪ್ಟಸ್ ಪ್ರಕಟಿಸಿತು. ಅಲ್ಲಿ ವಿಫಲವಾದದ್ದು ಸಂಸ್ಥೆಯೆಂಬುದನ್ನು ಇಡೀ ದೇಶವೇ ಕಂಡಿದ್ದರಿಂದ ವಾದಕ್ಕೆ ಆಸ್ಪದವಿರಲಿಲ್ಲ. ಇಲ್ಲಿ ಒಬ್ಬೊಬ್ಬ ಗ್ರಾಹಕನಿಗೆ ಉಳಿದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ದೂರು. ದೂರಿಗೆ ಪುರಾವೆ ಬೇಕು. ಚಿತ್ರ ಎಷ್ಟು ಹೊತ್ತಿಗೆ ನಿಂತಿತು, ಎಷ್ಟು ಬಾರಿ ಮರುಯತ್ನ ನಡೆಯಿತು, ಸರ್ವರ್ ಯಾವ ಸಂಖ್ಯೆ ಕಳುಹಿಸಿತು ಎಂಬುದನ್ನು ದಾಖಲಿಸಿಕೊಳ್ಳುವುದು ಇಂಥ ತಂತ್ರಾಂಶಗಳಿಗೆ ಸುಲಭ. ಪ್ರಸಾರದ ಗುಣಮಟ್ಟ ಅಳೆಯಲು ಸಂಸ್ಥೆಗಳು ಈ ಬಗೆಯ ಮಾಹಿತಿಯನ್ನೇ ನೆಚ್ಚಿಕೊಂಡಿವೆ. ನೋಡುಗನ ಪರದೆಗೆ ಮಾತ್ರ ಅದು ಬರುವುದಿಲ್ಲ. ಅದನ್ನು ಆತನಿಗೆ ತೋರಿಸಬೇಕೆಂಬ ಸಾಲು ಟ್ರಾಯ್ ನಿಯಮಾವಳಿಯಲ್ಲೂ ಇಲ್ಲ, 2021ರ ನಿಯಮಗಳಲ್ಲೂ ಇಲ್ಲ.